ಕೋಳಿಗೂಡಿನ ಹಳೆಯ ಹಾಸು: ವಿಲೇವಾರಿಯ ಸಮಸ್ಯೆ, ಗೊಬ್ಬರದ ಲೆಕ್ಕ

ಹಿತ್ತಲಲ್ಲಿ ನಾಲ್ಕಾರು ಡಜನ್ ಕೋಳಿ ಸಾಕುವ ಕುಟುಂಬವೊಂದು ವರ್ಷದ ಕೊನೆಗೆ ಲೆಕ್ಕ ಬರೆಯಲು ಕುಳಿತರೆ ಆದಾಯದ ಬದಿಯಲ್ಲಿ ಮೊಟ್ಟೆ ಮತ್ತು ಮಾಂಸ, ವೆಚ್ಚದ ಬದಿಯಲ್ಲಿ ಮೇವು, ಔಷಧಿ, ಮರಿಗಳ ಬೆಲೆ ಕಾಣಿಸುತ್ತವೆ. ಗೂಡಿನ ನೆಲದಿಂದ ಕೆರೆದು ತೆಗೆದ ಹಳೆಯ ಹಾಸು ಎರಡೂ ಬದಿಯಲ್ಲಿ ಇರುವುದಿಲ್ಲ. ಅದನ್ನು ಬುಟ್ಟಿಯಲ್ಲಿ ತುಂಬಿ ಬೇಲಿಯಾಚೆ ಸುರಿಯಲಾಗುತ್ತದೆ. ಇಲ್ಲವೇ ಯಾರಾದರೂ ಕೇಳಿದರೆ ಪುಕ್ಕಟೆಯಾಗಿ ಕೊಡಲಾಗುತ್ತದೆ. ಬೇಲಿಯಾಚೆ ಸುರಿದ ರಾಶಿ ಮೊದಲ ಮಳೆಗೆ ನೆನೆದು ವಾಸನೆ ಬೀರತೊಡಗಿದಾಗ, ನೆರೆಮನೆಯ ಅಡುಗೆಕೋಣೆಗೆ ನೊಣಗಳು ಮುತ್ತಿದಾಗ ಮಾತ್ರ ಅದರ ಬಗ್ಗೆ ಮಾತು ಆರಂಭವಾಗುತ್ತದೆ. ಆಗ ಅದು ಗ್ರಾಮ ಪಂಚಾಯಿತಿಯ ಮುಂದಿರುವ ದೂರು. ಗೊಬ್ಬರವೆಂದು ಅದನ್ನು ನೋಡುವ ಕಾಲ ಅಷ್ಟರಲ್ಲಿ ಮೀರಿರುತ್ತದೆ.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮಟ್ಟಿಗೆ ಈ ವಿಷಯವನ್ನು ಅಂಬ್ಲಿಗೊಳದಂತಹ ಪ್ರದೇಶವನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರಿಸುವುದು ಸೂಕ್ತ. ಅಂಬ್ಲಿಗೊಳದಲ್ಲಿ ನೀರಾವರಿ ಜಲಾಶಯವಿದೆ. ಸುತ್ತಮುತ್ತ ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ ಎಲ್ಲವೂ ಇವೆ. ಇವುಗಳ ಪೈಕಿ ಭತ್ತ ಕೋಳಿಗೂಡಿಗೆ ಹಾಸಲು ಹೊಟ್ಟನ್ನು ಒದಗಿಸುತ್ತದೆ. ಉಳಿದ ಮೂರು ಬೆಳೆಗಳೂ ಗೊಬ್ಬರವನ್ನು ಬೇಡುತ್ತವೆ. ಒಂದು ಕಡೆ ಹಿತ್ತಲ ಹಾಸನ್ನು ಎಲ್ಲಿ ಚೆಲ್ಲುವುದೆಂಬ ತೊಡಕು, ಇನ್ನೊಂದು ಕಡೆ ಬಯಲುಸೀಮೆಯ ಫಾರ್ಮುಗಳಿಂದ ಲಾರಿ ಬಾಡಿಗೆ ಕೊಟ್ಟು ಕೋಳಿಗೊಬ್ಬರ ತರಿಸುವ ರೈತರು. ಇವೆರಡೂ ಒಂದೇ ಹೋಬಳಿಯೊಳಗೆ ನಡೆಯುತ್ತಿರುವುದು ವ್ಯಾಪಾರದ ದೃಷ್ಟಿಯಿಂದ ವಿಚಿತ್ರವೆಂದೇ ಹೇಳಬೇಕು.

ಈ ಎರಡರ ನಡುವೆ ಕೊರತೆಯಾಗಿರುವುದು ಸುಮಾರು ಮೂರು ತಿಂಗಳ ಕಾಲಾವಧಿ ಮತ್ತು ಸೋರದ ಒಂದು ಮಾಡು. ಹಸಿ ಹಾಸನ್ನು ಕೊಳೆಸಿ ಗೊಬ್ಬರವಾಗಿಸುವವರೆಗೆ ಅದು ಬೆಳೆಗೂ ನೀರಿಗೂ ನೆರೆಯವರಿಗೂ ಹಾನಿಕರ. ಕೊಳೆಸಿದ ನಂತರ ಅದೇ ವಸ್ತು ಮಾರಾಟಕ್ಕೆ ಯೋಗ್ಯವಾದ ಸರಕು.

ಹಾಸಿನಲ್ಲಿ ಏನಿದೆ?

ಕೋಳಿ ಮೂತ್ರವನ್ನು ಬೇರೆಯಾಗಿ ವಿಸರ್ಜಿಸುವುದಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿಯ ಭಾಗವೇ ಅದರ ಮೂತ್ರ; ಅದು ಬಹುಮಟ್ಟಿಗೆ ಯೂರಿಕ್ ಆಮ್ಲ. ಹಿಕ್ಕೆಯಲ್ಲಿರುವ ಸಾರಜನಕದ ಹೆಚ್ಚಿನ ಪಾಲು ಇದರಲ್ಲಿಯೇ ಇರುತ್ತದೆ. ತೇವ ಸಿಕ್ಕೊಡನೆ ಸೂಕ್ಷ್ಮಜೀವಿಗಳು ಯೂರಿಕ್ ಆಮ್ಲವನ್ನು ಯೂರಿಯಾ ಆಗಿ, ಯೂರಿಯಾವನ್ನು ಅಮೋನಿಯಾ ಆಗಿ ಒಡೆಯುತ್ತವೆ. ಗೂಡಿನ ಬಾಗಿಲು ತೆರೆದಾಗ ಕಣ್ಣು ಉರಿಸುವ ಘಾಟು ಈ ಅಮೋನಿಯಾದ್ದು. ಮೂಗಿಗೆ ಬಡಿಯುವ ವಾಸನೆಯೆಲ್ಲ ಗಾಳಿಗೆ ಹೋಗುತ್ತಿರುವ ಗೊಬ್ಬರ ಎಂದು ತಿಳಿದರೆ ಅರ್ಧ ಶಾಸ್ತ್ರ ತಿಳಿದಂತೆ. ತೆರೆದ ಜಾಗದಲ್ಲಿ ನೆನೆಯುತ್ತ ಬಿದ್ದಿರುವ ರಾಶಿಯಿಂದ ಸಾರಜನಕದ ಅರ್ಧದಷ್ಟು ಹೀಗೆ ನಷ್ಟವಾಗಬಹುದು.

ವ್ಯವಸ್ಥಿತವಾಗಿ ನಿರ್ವಹಿಸಿದ ಆಳ ಹಾಸಿನ ಅಥವಾ ಡೀಪ್ ಲಿಟ್ಟರ್ ಗೊಬ್ಬರದಲ್ಲಿ ಶೇ. 3ರಷ್ಟು ಸಾರಜನಕ, ಶೇ. 2ರಷ್ಟು ರಂಜಕ, ಶೇ. 2ರಷ್ಟು ಪೊಟ್ಯಾಷ್ ಇರುತ್ತದೆಂದು ಕೃಷಿ ಪಠ್ಯಗಳು ಹೇಳುತ್ತವೆ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 0.5, 0.2 ಮತ್ತು 0.5. ಅಂದರೆ ಸಾರಜನಕ ಆರು ಪಟ್ಟು, ರಂಜಕ ಹತ್ತು ಪಟ್ಟು. ಹಗಲೆಲ್ಲ ಹೊರಗೆ ಮೇಯುವ ನಾಟಿ ಕೋಳಿಗಳ ಹಿಕ್ಕೆಯ ಒಂದು ಭಾಗ ಮಾತ್ರ ಗೂಡಿನಲ್ಲಿ ಬೀಳುವುದರಿಂದ ಹಿತ್ತಲ ಹಾಸಿನಲ್ಲಿ ಪೋಷಕಾಂಶ ಸ್ವಲ್ಪ ಕಡಿಮೆಯೇ ಇರುತ್ತದೆ. ಆದರೂ ಅದು ಕೊಟ್ಟಿಗೆ ಗೊಬ್ಬರಕ್ಕಿಂತ ಬಹಳ ಮೇಲು.

ಒಂದು ಟನ್ ಉತ್ತಮ ಹಾಸುಗೊಬ್ಬರದಲ್ಲಿ ಮೇಲಿನ ಲೆಕ್ಕದಂತೆ 30 ಕಿಲೊ ಸಾರಜನಕವಿದೆ. ಇದು 65 ಕಿಲೊ ಯೂರಿಯಾಕ್ಕೆ ಸಮ. 20 ಕಿಲೊ ರಂಜಕ ಶೇ. 16ರ ಸೂಪರ್ ಫಾಸ್ಫೇಟಿನ 125 ಕಿಲೊಗೆ, ಅಂದರೆ ಎರಡೂವರೆ ಚೀಲಕ್ಕೆ ಸಮ. 20 ಕಿಲೊ ಪೊಟ್ಯಾಷ್ ಮ್ಯೂರಿಯೇಟ್ ಆಫ್ ಪೊಟ್ಯಾಷಿನ 33 ಕಿಲೊಗೆ ಸಮ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸರ್ಕಾರದ ಸಹಾಯಧನದ ದೆಸೆಯಿಂದ 45 ಕಿಲೊ ಯೂರಿಯಾ ಚೀಲ ಮುನ್ನೂರು ರೂಪಾಯಿಗಿಂತ ಕಡಿಮೆಗೆ ಸಿಗುತ್ತದೆ. ಆದ್ದರಿಂದ ಸಾರಜನಕವೊಂದನ್ನೇ ಹಿಡಿದು ಬೆಲೆ ಕಟ್ಟಿದರೆ ಕೋಳಿಗೊಬ್ಬರ ಅಗ್ಗದ ವಸ್ತುವಾಗಿಯೇ ಕಾಣುತ್ತದೆ. ಅದರ ನಿಜವಾದ ಬೆಲೆ ರಂಜಕ, ಪೊಟ್ಯಾಷ್ ಮತ್ತು ಸಾವಯವ ಪದಾರ್ಥದಲ್ಲಿದೆ. ಮಲೆನಾಡಿನ ಹುಳಿ ಮಣ್ಣುಗಳು ಚೀಲದ ಗೊಬ್ಬರದ ರಂಜಕವನ್ನು ಬೇಗ ಕಟ್ಟಿಹಾಕಿ ಬೆಳೆಗೆ ಸಿಗದಂತೆ ಮಾಡುತ್ತವೆ. ಸಾವಯವ ಪದಾರ್ಥದೊಡನೆ ಬಂದ ರಂಜಕಕ್ಕೆ ಈ ತೊಂದರೆ ಕಡಿಮೆ. ಮೊಟ್ಟೆ ಕೋಳಿಗಳ ಮೇವಿನಿಂದ ಬರುವ ಸುಣ್ಣದ ಅಂಶವೂ ಹುಳಿ ಮಣ್ಣಿಗೆ ಉಪಕಾರಿ.

ಹಾಗಾದರೆ ಹಸಿಯಾಗಿಯೇ ಏಕೆ ಹಾಕಬಾರದು?

ಹಸಿ ಹಾಸನ್ನು ಗಿಡದ ಬುಡಕ್ಕೆ ಸುರಿದರೆ ಅಮೋನಿಯಾ ಮತ್ತು ಲವಣಾಂಶ ಎಳೆಯ ಬೇರುಗಳನ್ನು ಸುಡುತ್ತವೆ. ಎಲೆಯ ಅಂಚು ಕಂದುಗಟ್ಟುತ್ತದೆ. ಶುಂಠಿಯಲ್ಲಿ ಇದು ಬೇಗ ಕಾಣುತ್ತದೆ, ಏಕೆಂದರೆ ಮೊಳಕೆ ಗೊಬ್ಬರವನ್ನು ನೇರವಾಗಿ ಮುಟ್ಟುತ್ತದೆ. ಹಸಿ ಗೊಬ್ಬರ ಮಡಿಯಲ್ಲಿ ನೀರು ಹಿಡಿದು, ಮೃದುವಾದ ಬೆಳವಣಿಗೆಯನ್ನು ತಂದು, ಮಳೆಗಾಲದ ಗೆಡ್ಡೆ ಕೊಳೆರೋಗಕ್ಕೆ ಅನುಕೂಲ ಮಾಡಿಕೊಡುತ್ತದೆ. ಗೇಣಿಯ ಜಮೀನಿನಲ್ಲಿ ಒಂದೇ ವರ್ಷ ಶುಂಠಿ ಬೆಳೆದು ಮುಂದಿನ ಊರಿಗೆ ಹೋಗುವವರು ಲೋಡುಗಟ್ಟಲೆ ಹಸಿ ಕೋಳಿಗೊಬ್ಬರ ಸುರಿದರೆ ಅದರ ಪರಿಣಾಮವನ್ನು ಅನುಭವಿಸುವವನು ಮರುವರ್ಷ ಅದೇ ಮಣ್ಣಿನಲ್ಲಿ ಬೇಸಾಯ ಮಾಡಬೇಕಾದ ಜಮೀನಿನ ಒಡೆಯ. ಗೇಣಿಯ ಕರಾರಿನಲ್ಲಿ ಗೊಬ್ಬರದ ವಿಷಯವನ್ನೂ ಬರೆಯಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ತೊಡಕು ಹಾಸಾಗಿ ಬಳಸಿದ ವಸ್ತುವಿನದು. ಮರದ ಪುಡಿಯಲ್ಲಿ ಇಂಗಾಲ ಅತಿ ಹೆಚ್ಚು. ಸಾರಜನಕದ 400 ಪಟ್ಟಿಗೂ ಮೇಲೆ. ಅರೆ ಕೊಳೆತ ಮರದ ಪುಡಿ ಮಣ್ಣಿಗೆ ಸೇರಿದರೆ ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಗೊಬ್ಬರ ಹಾಕಿದ ಮೇಲೆ ಬೆಳೆ ಹಳದಿಯಾಯಿತೆಂಬ ದೂರಿಗೆ ಕಾರಣ ಹಲವೊಮ್ಮೆ ಇದು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚಾಗಿರುವುದರಿಂದ ಅದೂ ನಿಧಾನವಾಗಿ ಕರಗುತ್ತದೆ, ಆದರೆ ರಾಶಿಯೊಳಗೆ ಗಾಳಿ ಆಡಲು ಅವಕಾಶ ಮಾಡಿಕೊಡುತ್ತದೆ. ಎರಡರ ನಡುವೆ ಆಯ್ಕೆ ಇದ್ದರೆ ಹೊಟ್ಟೇ ಮೇಲು. ರಾಸಾಯನಿಕ ಬಳಿದ ಮರ ಅಥವಾ ಪ್ಲೈವುಡ್ಡಿನ ಪುಡಿಯನ್ನಂತೂ ಗೂಡಿಗೆ ತರಲೇಬಾರದು.

ರೋಗದ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ, ಸಾಲ್ಮೊನೆಲ್ಲಾ, ಜಂತುಹುಳುವಿನ ಮೊಟ್ಟೆ ಇವೆಲ್ಲವೂ ಒದ್ದೆ ಹಾಸಿನಲ್ಲಿ ಉಳಿದುಕೊಳ್ಳುತ್ತವೆ. ಕೊಕ್ಕರೆ ರೋಗವೆಂದು ಕರೆಯುವ ರಾಣಿಕೇತ್ ಬಂದ ಗೂಡಿನ ಹಾಸನ್ನು ಚೀಲದಲ್ಲಿ ತುಂಬಿ ಪಕ್ಕದೂರಿಗೆ ಕೊಟ್ಟರೆ ಗೊಬ್ಬರದ ಜೊತೆಗೆ ರೋಗವನ್ನೂ ಕೊಟ್ಟಂತೆ.

ದನಕರುಗಳಿರುವ ಮನೆಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹಾಸಿನೊಳಗೆ ಸತ್ತ ಮರಿ ಅಥವಾ ಇಲಿಯ ಕಳೇಬರ ಹೂತುಹೋಗಿದ್ದರೆ ಅದರಲ್ಲಿ ಬಾಟುಲಿಸಂ ವಿಷವನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅಂತಹ ಹಾಸನ್ನು ಮೇವಿನ ಜಾಗದಲ್ಲಿ ಹರಡಿದಾಗ ಅಲ್ಲಿ ಮೇದ ದನಗಳು ಕಾಲುಗಳಲ್ಲಿ ಶಕ್ತಿಯಿಲ್ಲದೆ ಕುಸಿದು ಸಾಯುತ್ತವೆ. ಇದು ಹಲವು ದೇಶಗಳಲ್ಲಿ ದಾಖಲಾಗಿರುವ ಅಪಾಯ. ಆದ್ದರಿಂದ ಸತ್ತ ಕೋಳಿಯನ್ನು ಹಾಸಿನ ರಾಶಿಗೆ ಎಂದೂ ಎಸೆಯದೆ ಬೇರೆ ಕಡೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಹಸಿ ಹಾಸನ್ನು ಗೋಮಾಳದಲ್ಲಾಗಲಿ ಗದ್ದೆಯ ಬದುವಿನಲ್ಲಾಗಲಿ ಚೆಲ್ಲಬಾರದು. ಕೋಳಿ ಹಾಸನ್ನು ಒಣಗಿಸಿ ದನಕ್ಕೆ ತಿನ್ನಿಸುವ ಸಲಹೆ ಕೆಲವು ಕಡೆ ಕೇಳಿಬರುತ್ತದೆ. ಅದನ್ನು ಕೇಳದಿರುವುದೇ ಕ್ಷೇಮ.

ಕೊಳೆಸುವ ಕ್ರಮ

ಮಲೆನಾಡಿನ ಕೊಟ್ಟಿಗೆಯೇ ಇದಕ್ಕೆ ಪಾಠಶಾಲೆ. ದನದ ಕಾಲಡಿಗೆ ಸೊಪ್ಪು ಅಥವಾ ದರಗು ಹಾಸಿ, ಸಗಣಿ ಗಂಜಳದಲ್ಲಿ ತೊಯ್ದ ಮೇಲೆ ಅದನ್ನು ಎತ್ತಿ ಗೊಬ್ಬರಗುಂಡಿಗೆ ಹಾಕಿ, ತಿಂಗಳುಗಟ್ಟಲೆ ಬಿಟ್ಟು ತೋಟಕ್ಕೆ ಒಯ್ಯುವ ಪದ್ಧತಿ ಇಲ್ಲಿ ಬಹುಕಾಲದಿಂದ ಇದೆ. ಡೀಪ್ ಲಿಟ್ಟರ್ ಎಂಬ ಹೊಸ ಹೆಸರಿನ ವಿಧಾನದ ತತ್ವವೂ ಇದೇ. ಕೊಟ್ಟಿಗೆಯ ಸೊಪ್ಪನ್ನು ಹಸಿಯಾಗಿ ಅಡಿಕೆ ಬುಡಕ್ಕೆ ಹಾಕದ ಮನೆಯವರು ಕೋಳಿಯ ಹೊಟ್ಟನ್ನು ಮಾತ್ರ ಹಾಗೆಯೇ ಹಾಕುವುದೇಕೆ ಎಂಬ ಪ್ರಶ್ನೆಗೆ ಸೋಮಾರಿತನವೆಂಬುದಕ್ಕಿಂತ ಪ್ರಮಾಣ ಕಡಿಮೆ ಎಂಬ ಉದಾಸೀನವೇ ಉತ್ತರವಿರಬೇಕು.

ವ್ಯತ್ಯಾಸವಿರುವುದು ಬೆರಕೆಯಲ್ಲಿ. ರಾಶಿ ಚೆನ್ನಾಗಿ ಕೊಳೆಯಬೇಕಾದರೆ ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲವಿರಬೇಕು. ಬರೀ ಹಿಕ್ಕೆಯಲ್ಲಿ ಈ ಅನುಪಾತ ಹತ್ತನ್ನೂ ದಾಟುವುದಿಲ್ಲ. ಆದ್ದರಿಂದ ಹಿಕ್ಕೆ ತುಂಬಿದ ಹಾಸನ್ನು ಒಂದೇ ರಾಶಿ ಮಾಡಿದರೆ ಹೆಚ್ಚಾದ ಸಾರಜನಕ ಘಾಟಾಗಿ ಹೊರಟುಹೋಗುತ್ತದೆ. ಒಂದು ಬುಟ್ಟಿ ಹಾಸಿಗೆ ಒಂದರಿಂದ ಎರಡು ಬುಟ್ಟಿ ದರಗು, ಕತ್ತರಿಸಿದ ಹುಲ್ಲು, ಮೆಕ್ಕೆಜೋಳದ ದಂಟು ಅಥವಾ ಅಡಿಕೆ ಸಿಪ್ಪೆ ಬೆರೆಸಬೇಕು. ಅಡಿಕೆ ಸುಲಿದ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚುವ ರೂಢಿ ಎಷ್ಟೋ ಊರುಗಳಲ್ಲಿದೆ. ಬಹುಕಾಲ ಕರಗದ ಆ ಸಿಪ್ಪೆಗೆ ಬೇಕಾಗಿರುವುದು ಸಾರಜನಕ, ಕೋಳಿ ಹಾಸಿಗೆ ಬೇಕಾಗಿರುವುದು ಇಂಗಾಲ. ಎರಡನ್ನೂ ಒಂದೆಡೆ ಸೇರಿಸಿದರೆ ಎರಡರ ತೊಂದರೆಯೂ ತೀರುತ್ತದೆ.

ರಾಶಿಯ ಉದ್ದ, ಅಗಲ, ಎತ್ತರ ಮೂರು ಅಡಿಗಿಂತ ಕಡಿಮೆಯಿರಬಾರದು. ಸಣ್ಣ ಗುಪ್ಪೆ ಕಾವು ಹಿಡಿದಿಟ್ಟುಕೊಳ್ಳುವುದಿಲ್ಲ. ಐದು ಅಡಿಗಿಂತ ಎತ್ತರವೂ ಬೇಡ, ತಳಕ್ಕೆ ಗಾಳಿ ಹೋಗುವುದಿಲ್ಲ. ಪದರ ಪದರವಾಗಿ ನೀರು ಚಿಮುಕಿಸಬೇಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಇದು ಶೇ. 50ರಿಂದ 60ರ ತೇವಾಂಶ. ಸಗಣಿ ಬಗ್ಗಡ ಸಿಕ್ಕರೆ ನೀರಿಗೆ ಬದಲಾಗಿ ಅದನ್ನೇ ಬಳಸಬಹುದು. ಮೂರು ನಾಲ್ಕು ದಿನಗಳಲ್ಲಿ ರಾಶಿ ಕಾಯತೊಡಗುತ್ತದೆ. ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕನಿಷ್ಠ ಮೂರು ದಿನ ಹಾಗೆಯೇ ನಿಂತರೆ ಹೆಚ್ಚಿನ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಥರ್ಮಾಮೀಟರ್ ಇಲ್ಲದವರು ಕಬ್ಬಿಣದ ಸಲಾಕೆಯೊಂದನ್ನು ನಡುವಿಗೆ ಚುಚ್ಚಿಟ್ಟು ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡಬಹುದು. ಕೈಯಲ್ಲಿ ಹಿಡಿದಿರಲಾಗದಷ್ಟು ಬಿಸಿಯಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ.

ಹೊರ ಪದರ ಮಾತ್ರ ಎಂದೂ ಅಷ್ಟು ಕಾಯುವುದಿಲ್ಲ. ನೊಣ ಮೊಟ್ಟೆಯಿಡುವುದು ಅಲ್ಲಿಯೇ. ಬೇಸಿಗೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ಮೊದಲ ತಿಂಗಳಲ್ಲಿ ವಾರಕ್ಕೊಮ್ಮೆ ಹೊರಗಿನದನ್ನು ಒಳಗೆ, ಒಳಗಿನದನ್ನು ಹೊರಗೆ ಮಾಡಿ ಮಗುಚಿದರೆ ಹುಳುಗಳು ಕಾವಿಗೆ ಸಿಕ್ಕು ಸಾಯುತ್ತವೆ. ಆಮೇಲೆ ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಸಾಕು. ನೊಣದ ಜಗಳಕ್ಕೆ ಔಷಧಿ ಸಿಂಪಡಣೆಗಿಂತ ಇದು ಅಗ್ಗದ ಪರಿಹಾರ. ಮಗುಚುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಬೂಷ್ಟು ಹಿಡಿದ ಹೊಟ್ಟಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ವಾಸನೆ ತಡೆಯಲೆಂದು ರಾಶಿಯ ಮೇಲೆ ಸುಣ್ಣ ಅಥವಾ ಒಲೆಯ ಬೂದಿ ಎರಚುವವರಿದ್ದಾರೆ. ಇದು ತಪ್ಪು ಕ್ರಮ. ಸುಣ್ಣ, ಬೂದಿ ಎರಡೂ ಕ್ಷಾರಗುಣದವು. ಅವು ಅಮೋನಿಯಾವನ್ನು ಇನ್ನಷ್ಟು ವೇಗವಾಗಿ ಹೊರಗಟ್ಟುತ್ತವೆ. ಎರಡು ದಿನ ಘಾಟು ಹೆಚ್ಚಿ ಆಮೇಲೆ ವಾಸನೆ ನಿಂತರೆ ಸುಣ್ಣ ಕೆಲಸ ಮಾಡಿತೆಂದು ಭಾವಿಸಲಾಗುತ್ತದೆ; ಹೋದದ್ದು ಸಾರಜನಕ. ಬದಲಿಗೆ ಸ್ವಲ್ಪ ಸೂಪರ್ ಫಾಸ್ಫೇಟ್ ಉದುರಿಸಿದರೆ ಅದು ಅಮೋನಿಯಾವನ್ನು ಹಿಡಿದಿಡುತ್ತದೆ, ರಂಜಕವೂ ಸೇರುತ್ತದೆ.

ಎರಡೂವರೆ ಮೂರು ತಿಂಗಳಿಗೆ ರಾಶಿ ಕುಗ್ಗಿ, ಕಾವು ಇಳಿದು, ಕಪ್ಪು ಮಣ್ಣಿನ ವಾಸನೆ ಬರತೊಡಗುತ್ತದೆ. ಹೊಟ್ಟಿನ ಚೂರುಗಳು ಆಗಲೂ ಕಣ್ಣಿಗೆ ಕಾಣುತ್ತವೆ, ಅದರಿಂದ ತೊಂದರೆಯಿಲ್ಲ. ಸಂಶಯವಿದ್ದರೆ ಒಂದು ತೆಂಗಿನ ಚಿಪ್ಪಿನಲ್ಲಿ ಗೊಬ್ಬರ ಮತ್ತು ಮಣ್ಣನ್ನು ಸಮವಾಗಿ ಬೆರೆಸಿ ಹತ್ತು ಹೆಸರುಕಾಳು ಹಾಕಿ ನೋಡಬೇಕು. ಕಾಳು ಮೊಳೆತು ಎಲೆ ಬಿಟ್ಟರೆ ಗೊಬ್ಬರ ಪಕ್ವವಾಗಿದೆ. ಕೊಳೆತರೆ ಇನ್ನೂ ಹದಿನೈದು ದಿನ ಕಾಯಬೇಕು.

ಯಾವಾಗ, ಎಲ್ಲಿ?

ಮೂರು ತಿಂಗಳ ಅವಧಿಯನ್ನು ಹಿಂದಕ್ಕೆ ಎಣಿಸಿದರೆ ಗೂಡು ತೊಳೆಯುವ ದಿನ ತಾನಾಗಿ ತಿಳಿಯುತ್ತದೆ. ಶುಂಠಿಯ ನಾಟಿ ಏಪ್ರಿಲ್–ಮೇ. ಅದಕ್ಕೆ ಗೊಬ್ಬರ ಬೇಕಾದರೆ ಸಂಕ್ರಾಂತಿಯ ಹೊತ್ತಿಗೆ ರಾಶಿ ಹಾಕಬೇಕು. ಅಡಿಕೆ ಕೊಯ್ಲು ನಡೆಯುತ್ತಿದ್ದು ಸಿಪ್ಪೆ ಸಿಗುವ ಕಾಲವೂ ಅದೇ, ಕಾಡಿನಲ್ಲಿ ದರಗು ಉದುರತೊಡಗುವುದೂ ಆಗಲೇ. ಜೂನ್‌ನಲ್ಲಿ ಬಿತ್ತುವ ಮೆಕ್ಕೆಜೋಳಕ್ಕಾದರೆ ಮಾರ್ಚ್ ಆರಂಭ. ಮಾರಿ ಜಾತ್ರೆಗಳ ಕಾಲದಲ್ಲಿ ನಾಟಿ ಕೋಳಿಗೆ ಬೇಡಿಕೆ ಬಂದು ಗೂಡುಗಳು ಅರ್ಧ ಖಾಲಿಯಾಗುವುದರಿಂದ ಆಗ ಹಾಸು ತೆಗೆಯುವುದು ಸುಲಭ. ಅಡಿಕೆಗೆ ಮಳೆ ಹಿಂದೆಗೆದ ಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಗೊಬ್ಬರ ಕೊಡುವುದು ಶಿಫಾರಸು. ಅದಕ್ಕೆ ಮೇ ಕೊನೆಯಲ್ಲಿಯೇ ಗೂಡು ಶುಚಿ ಮಾಡಿ, ಮಳೆಗಾಲವಿಡೀ ರಾಶಿಯನ್ನು ಮಾಡಿನಡಿಯಲ್ಲಿ ಕೊಳೆಸಬೇಕಾಗುತ್ತದೆ. ಭೂಮಿ ಹುಣ್ಣಿಮೆಯ ಹೊತ್ತಿಗೆ ಗೊಬ್ಬರ ತೋಟ ಸೇರಿರಬೇಕು.

ಸ್ಥಳದ ಆಯ್ಕೆ ಅಂಬ್ಲಿಗೊಳದಂತಹ ಕಡೆ ಕೇವಲ ಅನುಕೂಲದ ಮಾತಲ್ಲ. ಜಲಾಶಯದ ಕಡೆಗೆ ಇಳಿಯುವ ಪ್ರತಿಯೊಂದು ಹಳ್ಳವೂ ಮೊದಲ ಮಳೆಯಲ್ಲಿ ದಾರಿಯಲ್ಲಿ ಸಿಕ್ಕಿದ್ದನ್ನು ಹೊತ್ತೊಯ್ಯುತ್ತದೆ. ಕೋಳಿ ಹಾಸಿನ ರಂಜಕ ನಿಂತ ನೀರಿಗೆ ಸೇರಿದರೆ ಪಾಚಿ ಮತ್ತು ಅಂತರಗಂಗೆ ಹಬ್ಬುತ್ತವೆ; ಅವು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಇಲ್ಲವಾಗಿ ಮೀನುಗಳಿಗೆ ಉಸಿರುಕಟ್ಟುತ್ತದೆ. ಸಾರಜನಕ ನೈಟ್ರೇಟ್ ಆಗಿ ನೆಲದೊಳಗೆ ಇಳಿದು ಬಾವಿಗೆ ಸೇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇದನ್ನು ಮೀರಿದ ನೀರು ಹಾಲೂಡುವ ವಯಸ್ಸಿನ ಶಿಶುಗಳ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಒಂದು ಮನೆಯ ಒಂದು ಬುಟ್ಟಿ ಹಾಸಿನಿಂದ ಜಲಾಶಯ ಕೆಡುವುದಿಲ್ಲ ಎಂಬುದು ನಿಜ. ಆದರೆ ಬಾವಿ ಒಂದೇ ಮನೆಯದು. ಅದು ಕೆಡಲು ಒಂದು ರಾಶಿ ಸಾಕು.

ಆದ್ದರಿಂದ ರಾಶಿ ಬಾವಿಗೂ ಹಳ್ಳಕ್ಕೂ ಕನಿಷ್ಠ ನೂರು ಅಡಿ ದೂರದಲ್ಲಿ, ಬಾವಿಗಿಂತ ಇಳಿಜಾರಿನ ಕೆಳಬದಿಯಲ್ಲಿ, ನೀರು ನಿಲ್ಲದ ಗಟ್ಟಿ ನೆಲದ ಮೇಲಿರಬೇಕು. ಮಳೆನೀರು ಒಳಗೆ ಹರಿಯದಂತೆ ಮೇಲ್ಬದಿಯಲ್ಲಿ ಒಂದು ಕಾಲುವೆ. ಮೇಲೆ ಅಡಿಕೆ ಸೋಗೆಯ ಮಾಡು. ಸೋಗೆ ಮಳೆಯನ್ನು ತಡೆಯುತ್ತದೆ, ಗಾಳಿಯನ್ನು ತಡೆಯುವುದಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ರಾಶಿಗೆ ಬಿಗಿಯಾಗಿ ಸುತ್ತಿದರೆ ಒಳಗೆ ಗಾಳಿಯಿಲ್ಲದೆ ಕೊಳೆತು ನಾರುತ್ತದೆ. ಮಲೆನಾಡಿನ ಮಳೆಗೆ ತೆರೆದ ಗುಂಡಿ ಹೊಂದುವುದಿಲ್ಲ. ಜುಲೈನಲ್ಲಿ ಅದು ಗೊಬ್ಬರಗುಂಡಿಯಾಗಿ ಉಳಿಯದೆ ಕಪ್ಪು ನೀರಿನ ಹೊಂಡವಾಗುತ್ತದೆ.

ಐವತ್ತು ಕೋಳಿಯ ಮನೆಯ ಲೆಕ್ಕ

ಅಂದಾಜಿಗೆ ಐವತ್ತು ನಾಟಿ ಅಥವಾ ಗಿರಿರಾಜ ಕೋಳಿಗಳಿರುವ ಮನೆಯನ್ನು ತೆಗೆದುಕೊಳ್ಳೋಣ. ಒಂದು ಕೋಳಿಗೆ ಎರಡು ಚದರಡಿಯಂತೆ ನೂರು ಚದರಡಿಯ ಗೂಡು. ನಾಲ್ಕು ಇಂಚು ದಪ್ಪಕ್ಕೆ ಸುಮಾರು 100 ಕಿಲೊ ಹೊಟ್ಟು. ಒಂದು ಕೋಳಿ ದಿನಕ್ಕೆ 80 ಗ್ರಾಂ ಹಸಿ ಹಿಕ್ಕೆ ಹಾಕಿ, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಗೂಡಿನಲ್ಲಿ ಬಿದ್ದರೂ ವರ್ಷಕ್ಕೆ 850 ಕಿಲೊ ದಾಟುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರು. ಒಣಗಿದ ಮೇಲೆ ಉಳಿಯುವುದು 200 ಕಿಲೊ ಚಿಲ್ಲರೆ. ಹೊಟ್ಟು, ಬೆರೆಸಿದ ದರಗು, ಸಹಜ ತೇವ ಎಲ್ಲ ಸೇರಿ, ಕೊಳೆಯುವಾಗಿನ ಕರಗುವಿಕೆ ಕಳೆದು, ಕೈಗೆ ಬರುವುದು ಸುಮಾರು 400 ಕಿಲೊ ಗೊಬ್ಬರ.

ಇದು ಎಷ್ಟು ಅಡಿಕೆ ಮರಕ್ಕೆ ಸಾಕು? ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಫಸಲು ಕೊಡುವ ಒಂದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು. ಇದಲ್ಲದೆ 12 ಕಿಲೊ ಹಸಿರು ಸೊಪ್ಪು, 12 ಕಿಲೊ ಕಾಂಪೋಸ್ಟ್. ಕೊಳೆತ ಕೋಳಿಗೊಬ್ಬರದಲ್ಲಿ ಶೇ. 2ರಷ್ಟು ಸಾರಜನಕವಿದೆಯೆಂದರೆ 5 ಕಿಲೊ ಹಾಕಿದಾಗ ಸಾರಜನಕ ಪೂರ್ಣವಾಗುತ್ತದೆ. ಆದರೆ ಅಷ್ಟರಲ್ಲಿ ರಂಜಕ ಬೇಕಾದುದರ ಎರಡು ಪಟ್ಟಾಗಿರುತ್ತದೆ, ಪೊಟ್ಯಾಷ್ ಇನ್ನೂ ಕಡಿಮೆ ಬಿದ್ದಿರುತ್ತದೆ. ಕೋಳಿಗೊಬ್ಬರವನ್ನೇ ನಂಬಿ ವರ್ಷವರ್ಷವೂ ಬುಟ್ಟಿಗಟ್ಟಲೆ ಸುರಿಯುವ ತೋಟಗಳಲ್ಲಿ ರಂಜಕ ಮಣ್ಣಿನಲ್ಲಿ ಕೂಡಿಬೀಳುವುದು ಹೀಗೆಯೇ. ಮರಕ್ಕೆ 2 ಕಿಲೊದಂತೆ ಹಾಕಿ, ಪೊಟ್ಯಾಷನ್ನು ಬೇರೆಯಾಗಿ ಕೊಟ್ಟು, ಸೊಪ್ಪು ಮತ್ತು ಕೊಟ್ಟಿಗೆ ಗೊಬ್ಬರವನ್ನು ಎಂದಿನಂತೆ ಮುಂದುವರಿಸುವುದು ಸರಿಯಾದ ಕ್ರಮ. ಆ ಲೆಕ್ಕಕ್ಕೆ ಒಂದು ಮನೆಯ 400 ಕಿಲೊ ಗೊಬ್ಬರ 200 ಮರಗಳಿಗೆ ಬರುತ್ತದೆ. ಎಕರೆಗೆ 550 ಮರಗಳ ತೋಟಕ್ಕೆ ಇಂತಹ ಮೂರು ಮನೆಗಳು ಬೇಕು. ಮಣ್ಣು ಪರೀಕ್ಷೆ ಮಾಡಿಸಿ ಪ್ರಮಾಣ ನಿರ್ಧರಿಸುವುದಾದರೆ ಇನ್ನೂ ಉತ್ತಮ. ನೆರೆಯ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿರುವುದರಿಂದ ಸಲಹೆಗೆ ದೂರ ಹೋಗಬೇಕಿಲ್ಲ.

ವ್ಯಾಪಾರಸ್ಥರಿಗೆ ಸಂಬಂಧಿಸಿದ ಮಾತು ಇಲ್ಲಿ ಬರುತ್ತದೆ. ಒಂದು ಮನೆಯ 400 ಕಿಲೊಗೆ ಯಾವ ವಾಹನವೂ ಬರುವುದಿಲ್ಲ. ಹತ್ತು ಮನೆಗಳು ಒಂದೇ ಮಾಡಿನಡಿ ರಾಶಿ ಹಾಕಿದರೆ 4 ಟನ್. ಅದು ಒಂದು ಲೋಡು. ಸ್ತ್ರೀಶಕ್ತಿ ಸ್ವಸಹಾಯ ಸಂಘಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ, ಏಕೆಂದರೆ ಹಿತ್ತಲ ಕೋಳಿ ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿದೆ. ಆದರೆ ಲೋಡಿನ ಲೆಕ್ಕದ ವ್ಯವಹಾರದಲ್ಲಿ ಒಂದು ಮೋಸದ ಸಾಧ್ಯತೆಯಿದೆ. ಶೇ. 50 ತೇವವಿರುವ ಒಂದು ಟನ್ನಿನಲ್ಲಿ ಒಣ ಪದಾರ್ಥ 500 ಕಿಲೊ, ಶೇ. 25 ತೇವವಿದ್ದರೆ 750 ಕಿಲೊ. ಬೆಲೆ ಒಂದೇ ಆದರೆ ಮೊದಲನೆಯದನ್ನು ಕೊಂಡವನು ನೀರಿಗೆ ಹಣ ಕೊಟ್ಟಿರುತ್ತಾನೆ. ಒಣಗಿಸಿ, ಜರಡಿ ಹಿಡಿದು, ಚೀಲ ತೂಗಿ ಮಾರುವ ಪದ್ಧತಿ ಬಂದರೆ ಇಬ್ಬರಿಗೂ ನ್ಯಾಯ. ಊರೊಳಗಿನ ಕೈಬದಲಿನ ಮಾರಾಟವನ್ನು ಮೀರಿ, ಚೀಲದ ಮೇಲೆ ಹೆಸರು ಮುದ್ರಿಸಿ ಸಾವಯವ ಗೊಬ್ಬರವೆಂದು ಅಂಗಡಿಗೆ ಕೊಡುವುದಾದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಗುಣಮಟ್ಟದ ನಿಯಮಗಳು ಅನ್ವಯವಾಗುತ್ತವೆ. ತೆರಿಗೆಯ ಲೆಕ್ಕವೂ ಬದಲಾಗುತ್ತದೆ. ಮುದ್ರಣಕ್ಕೆ ಕೊಡುವ ಮುಂಚೆಯೇ ಕೃಷಿ ಇಲಾಖೆ ಮತ್ತು ತೆರಿಗೆ ಸಲಹೆಗಾರರನ್ನು ವಿಚಾರಿಸುವುದು ಕ್ಷೇಮ.

ದೊಡ್ಡ ಫಾರ್ಮುಗಳ ಸಂಗತಿ ಬೇರೆ. 5,000ಕ್ಕಿಂತ ಹೆಚ್ಚು ಕೋಳಿಗಳಿರುವ ಘಟಕಗಳನ್ನು ಮಾಲಿನ್ಯ ನಿಯಂತ್ರಣದ ಚೌಕಟ್ಟಿಗೆ ತರುವಂತೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2020ರಲ್ಲಿ ನಿರ್ದೇಶಿಸಿತು. ಹಿತ್ತಲ ಸಾಕಣೆದಾರರು ಈ ವ್ಯಾಪ್ತಿಗೆ ಬರುವುದಿಲ್ಲ.

ಹಕ್ಕಿಜ್ವರದ ಕಾಲದಲ್ಲಿ

ಇದುವರೆಗೆ ಹೇಳಿದ್ದೆಲ್ಲ ಆರೋಗ್ಯವಂತ ಕೋಳಿಗಳ ಹಾಸಿಗೆ ಮಾತ್ರ ಅನ್ವಯ. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಾಣಿಸಿಕೊಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಬೆಂಗಳೂರು ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕುಕ್ಕುಟ ಕೇಂದ್ರದಲ್ಲಿ, 2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲಿ ಮತ್ತು ನೆರೆಯ ದಾವಣಗೆರೆ ಜಿಲ್ಲೆಯಲ್ಲಿ, 2025ರಲ್ಲಿ ಬಳ್ಳಾರಿ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ದೃಢಪಟ್ಟಿತು. ಬಯಲುಸೀಮೆಯಿಂದ ಮಲೆನಾಡಿಗೆ ಕೋಳಿಗೊಬ್ಬರದ ಲಾರಿಗಳು ಓಡಾಡುವ ದಾರಿಯಲ್ಲಿ ಈ ಪಟ್ಟಿ ಸಣ್ಣದೇನಲ್ಲ. ಹಕ್ಕಿಜ್ವರದ ವೈರಾಣು ಹಿಕ್ಕೆಯಲ್ಲಿ 37 ಡಿಗ್ರಿ ಶಾಖದಲ್ಲಿ ಆರು ದಿನ, 4 ಡಿಗ್ರಿ ತಂಪಿನಲ್ಲಿ 35 ದಿನ ಬದುಕಿರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ಸೋಂಕು ದೃಢಪಟ್ಟ ಸ್ಥಳದ ಹಾಸು, ಉಳಿದ ಮೇವು, ಮೊಟ್ಟೆ ಯಾವುದನ್ನೂ ಹೊರಗೆ ಸಾಗಿಸುವಂತಿಲ್ಲ. ಪಶುಪಾಲನಾ ಇಲಾಖೆಯವರು ಅವನ್ನು ಕೋಳಿಗಳ ಜೊತೆಗೇ ನಾಶಪಡಿಸುತ್ತಾರೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆಯು ಇಂತಹ ರೋಗದ ಶಂಕೆಯನ್ನು ವರದಿ ಮಾಡುವ ಹೊಣೆಯನ್ನು ಸಾಕಣೆದಾರನ ಮೇಲೂ ಇರಿಸಿದೆ. ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಏಕಾಏಕಿ ಸತ್ತರೆ ಹಾಸನ್ನು ಮುಟ್ಟದೆ, ಗೂಡನ್ನು ಮುಚ್ಚಿ, ಮೊದಲು ಪಶುವೈದ್ಯ ಆಸ್ಪತ್ರೆಗೆ ತಿಳಿಸಬೇಕು. ಕಾರಣ ಕೊಕ್ಕರೆ ರೋಗವೋ ಹಕ್ಕಿಜ್ವರವೋ ಎಂಬುದು ಪ್ರಯೋಗಾಲಯದಿಂದ ತಿಳಿಯುವವರೆಗೆ ಆ ರಾಶಿಯಿಂದ ಒಂದು ಬುಟ್ಟಿಯೂ ಕದಲಬಾರದು.

ಸಾಮಾನ್ಯ ದಿನಗಳಲ್ಲಿಯೂ ಗೊಬ್ಬರ ಕೊಳ್ಳುವವರು ತಮ್ಮದೇ ಚೀಲ ತರುವುದು, ಮಾರುವವರು ಫಾರ್ಮಿನಿಂದ ಫಾರ್ಮಿಗೆ ಸುತ್ತುವ ಹಳೆಯ ಚೀಲಗಳನ್ನು ಗೂಡಿನ ಹತ್ತಿರಕ್ಕೆ ಬಿಡದಿರುವುದು ಅವಶ್ಯ. ಲಾರಿಯವನು ಬಿಟ್ಟುಹೋದ ಖಾಲಿ ಚೀಲವನ್ನು ಕೊಡವಿ ಮೊಟ್ಟೆ ಕಾವಿಗಿಡುವ ಬುಟ್ಟಿಗೆ ಹಾಸುವ ಮನೆಗಳು ಈಗಲೂ ಇವೆ.